ಮನೆಶಾಲೆಗೆ ಮಳೆ ರಜೆ ಇಲ್ಲ

ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ನಂಜುಂಡನ್ ಅವರೇ, ಮುಖ್ಯ ಅತಿಥಿಗಳಾದ ನಿವೃತ್ತ ಮುಖ್ಯೋಪಾಧ್ಯಾಯ ಸುಧಾಕರನ್ ಸರ್ ಅವರೇ, ಉದಗಮಂಡಲದ ಈ ಡಿಸೆಂಬರ್ ಚಳಿಯಲ್ಲಿ ಕಂಬಳಿ ಬಿಟ್ಟು ಬಂದು ಕುಳಿತಿರುವ ಸಭಿಕರೇ,

ವಾರ್ಷಿಕೋತ್ಸವದಲ್ಲಿ 'ಮನೆಯೇ ಪಾಠಶಾಲೆ: ಒಂದು ವರ್ಷದ ಅನುಭವ, ಮುಂದಿನ ವರ್ಷದ ನಿರ್ಧಾರ' ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಸಾಮಾನ್ಯವಾಗಿ ಈ ವಿಷಯದ ಮೇಲೆ ಮಾತನಾಡುವವರು ನನ್ನ ಯಜಮಾನರು, ವಿಶ್ವನಾಥ್. ಅಗೋ, ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಪಕ್ಕದಲ್ಲಿ ನಮ್ಮ ಮಗಳು ರಮ್ಯಾ. ಅವರು ಮಾತಿಗೆ ನಿಂತರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ನನಗೆ ಅಷ್ಟು ತ್ರಾಣವಿಲ್ಲ. ಬೇಗ ಮುಗಿಸುತ್ತೇನೆ.

ನಮ್ಮ ಹಟ್ಟಿ ಇರುವುದು ಕಲ್ಲಟ್ಟಿಯ ಕಡೆ. ಯಜಮಾನರಿಗೆ ಅವಲಾಂಚ್‌ನಲ್ಲಿ ಕರೆಂಟ್ ಬೋರ್ಡಿನ ಕೆಲಸ. ಅಲ್ಲೇ ಕ್ವಾರ್ಟರ್ಸ್, ಶನಿವಾರ ಮನೆಗೆ ಬರುತ್ತಾರೆ. ನಾನು ಇದೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ಎಂಟು ವರ್ಷ ಟೀಚರ್ ಆಗಿದ್ದವಳು. ರಮ್ಯಾಳನ್ನೂ ಅದೇ ಶಾಲೆಗೆ ಹಾಕಿದ್ದೆವು. ಆದರೆ ವ್ಯಾನು ಘಾಟಿಯ ತಿರುವು ಹತ್ತಲು ಶುರುಮಾಡಿದರೆ ಸಾಕು, ಕೂಸಿಗೆ ವಾಂತಿ. ಶಾಲೆಯ ಗೇಟು ಬರುವ ಹೊತ್ತಿಗೆ ಬೆಳಗಿನ ಇಡ್ಲಿಯೂ ಇರುತ್ತಿರಲಿಲ್ಲ, ಜೀವವೂ ಇರುತ್ತಿರಲಿಲ್ಲ. ಕೆಲವು ದಿನ ಮನೆಯಲ್ಲೇ ಇಟ್ಟುಕೊಂಡು ಕಲಿಸೋಣ ಎಂದು ಹೊರಟೆವು. ಅಷ್ಟೇ ಸ್ವಾಮಿ, ಇದರ ಮೂಲ ವಾಂತಿ. ಸಿದ್ಧಾಂತ ಆಮೇಲೆ ಬಂತು. ಯಜಮಾನರು ಕ್ವಾರ್ಟರ್ಸಿನಲ್ಲಿ ಒಬ್ಬರೇ ಕುಳಿತು ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಶಾಲೆ ಎಂಬುದೇ ಮಕ್ಕಳಿಗೆ ಬೇಡ ಎಂಬ ತೀರ್ಮಾನಕ್ಕೆ ಬಂದರು. ನಾನು ಕೆಲಸ ಬಿಟ್ಟೆ.

ಬೇರೆಯವರು ಮನೆಪಾಠವನ್ನು ಎಷ್ಟೋ ಚೆನ್ನಾಗಿ ಮಾಡುತ್ತಾರೆ. ನಾನು ಅವರನ್ನು ಹಳಿಯಲು ನಿಂತಿಲ್ಲ. ನಮ್ಮ ಮನೆಯಲ್ಲಿ ಏನಾಯಿತು ಎಂದಷ್ಟೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಶಿಸ್ತು ಬೇಕು ಎಂದು ಯಜಮಾನರು ಒಂದು ನಿಯಮ ಮಾಡಿದರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಗಳು ನನ್ನನ್ನು 'ಅವ್ವೆ' ಎನ್ನುವಂತಿಲ್ಲ, 'ಟೀಚರ್' ಎನ್ನಬೇಕು. ಮಾತನಾಡಬೇಕಾದರೆ ಕೈ ಎತ್ತಬೇಕು. ಕೇಳಿದವರೆಲ್ಲ ಭಲೇ ಎಂದರು. ನಾನೂ ನಕ್ಕೆ. ನಗದೆ ಏನು ಮಾಡಲಿ? ನನ್ನ ಅತ್ತೆ ಮಾತ್ರ ಒಲೆಯ ಮುಂದೆ ಕುಳಿತೇ ಒಂದು ಮಾತು ಹೇಳಿದರು. "ಮನೇನ ಸ್ಕೂಲ್ ಮಾಡ್ಬಿಟ್ರಿ, ಸರಿ. ಸ್ಕೂಲ್ ಬಿಟ್ಮೇಲೆ ಕೂಸು ಎಲ್ಲಿಗೆ ಹೋಗ್ಬೇಕು?" ಅತ್ತೆಯ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಮಾತನ್ನು ಯಾವ ಸೊಸೆ ಕಿವಿಗೆ ಹಾಕಿಕೊಂಡಿದ್ದಾಳೆ, ಹೇಳಿ?

ಸಭಿಕರೇ, ಮಳೆ ರಜೆ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಜುಲೈ ಬಂತೆಂದರೆ ನಮ್ಮ ಜಿಲ್ಲೆಯ ಮಕ್ಕಳು ದೇವರಿಗಿಂತ ಹೆಚ್ಚಾಗಿ ಕಲೆಕ್ಟರನ್ನು ನಂಬುತ್ತಾರೆ. ಬೆಳಿಗ್ಗೆ ಎದ್ದು ಟಿವಿ ಮುಂದೆ ಕಾಯುತ್ತಾರೆ, ಕಲೆಕ್ಟರ್ ಲೀವ್ ಬಿಟ್ಟರೇ ಇಲ್ಲವೇ ಎಂದು. ನಿಜ ಹೇಳಬೇಕೆಂದರೆ ಮಕ್ಕಳಿಗಿಂತ ಹೆಚ್ಚು ಕಾಯುತ್ತಿದ್ದವರು ನಾವು ಟೀಚರುಗಳು. ಸುಧಾಕರನ್ ಸರ್ ನಗುತ್ತಿದ್ದಾರೆ, ಅವರಿಗೂ ಗೊತ್ತು! ರಜೆ ಎಂದು ತಿಳಿದ ಕೂಡಲೇ ನಾನು ಇನ್ನೊಮ್ಮೆ ಕಂಬಳಿ ಹೊದ್ದು ಮಲಗುತ್ತಿದ್ದೆ. ಎಚ್ಚರವಾದ ಮೇಲೂ ಸುಮ್ಮನೆ ಮಲಗಿರುತ್ತಿದ್ದೆ. ಆ ಸುಖ ನನ್ನ ಕೈ ತಪ್ಪಿ ಎಷ್ಟು ಕಾಲವಾಯಿತೋ.

ಈ ವರ್ಷದ ಜುಲೈನಲ್ಲೂ ಹಾಗೆಯೇ ಒಂದು ದಿನ, ಹಿಡಿದ ಮಳೆ ಬಿಡಲಿಲ್ಲ. ಪಕ್ಕದ ಮನೆಯ ತೇನ್ಮೊಳಿ, ರಮ್ಯಾಳ ವಾರಿಗೆಯ ಹುಡುಗಿ, ಬಾಗಿಲಿಗೆ ಬಂದು ಕಿರುಚಿದಳು. "ರಮ್ಯಾ, ಲೀವ್ ವಿಟ್ಟಾಚು! ವಾ, ವೆಳೆಯಾಡಲಾಂ!" ರಜೆ ಸಿಕ್ಕಿತು, ಆಡೋಣ ಬಾ ಎಂದು. ಪಾಠ ಶುರುವಾಗಿತ್ತು, ರಮ್ಯಾ ಎದ್ದೇಳಲಿಲ್ಲ. ಕೂತಲ್ಲೇ ಕೈ ಎತ್ತಿದಳು.

"ಟೀಚರ್, ಕಲೆಕ್ಟರ್ ನಂಗೂ ಲೀವ್ ಕೊಟ್ಟಿದಾರಾ?"

ಅವಲಾಂಚ್‌ಗೆ ಫೋನ್ ಮಾಡಿದೆ. ಯಜಮಾನರು ಹೇಳಿದರು, "ಶಾಲೆಗೆ ಹೋಗೋ ದಾರೀಲಿ ಮಳೆ ಅಂತ ಕಲೆಕ್ಟರ್ ಲೀವ್ ಕೊಡೋದು. ನಮ್ಮ ಮನೆ ಒಳಗೆ ಮಳೆ ಬರುತ್ತಾ? ಪಾಠ ನಡೀಲಿ ಭಾಗೀರಥಿ." ಅವರ ಮಾತಿನಲ್ಲಿ ತಪ್ಪಿತ್ತೇ? ಎಳ್ಳಷ್ಟೂ ಇರಲಿಲ್ಲ. ನಾನು ಭಿನ್ನರಾಶಿ ಕಲಿಸಿದೆ. ಹೊರಗೆ ತೇನ್ಮೊಳಿ ನೀರಿನಲ್ಲಿ ಕುಣಿಯುವ ಸದ್ದು ಪಾಠ ಮುಗಿಯುವವರೆಗೂ ಕೇಳಿಸುತ್ತಲೇ ಇತ್ತು.

ಊಟವಾಗಿ, ಮಳೆ ಸ್ವಲ್ಪ ನಿಂತ ಮೇಲೆ, ಸಂಜೆ ನಾಲ್ಕರ ಹೊತ್ತಿಗೆ ರಮ್ಯಾ ಆಡಲು ಓಡಿದಳು. ಪಾಠ ಮುಗಿದು ಎಷ್ಟೋ ಹೊತ್ತಾಗಿತ್ತು, ಇದನ್ನು ನೀವು ಗಮನಿಸಬೇಕು. ನಮ್ಮ ಚಹಾ ತೋಟದ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಗದ್ದ ಒಡೆದು ರಕ್ತ. ನಾನು ಅಡುಗೆಮನೆಯಲ್ಲಿದ್ದೆ. ಯಾವುದೋ ಮಗು "ಟೀಚರ್! ಟೀಚರ್!" ಎಂದು ಕೂಗುವುದು ಕೇಳಿಸಿತು. ಪಾಪ, ಯಾರ ಮಗುವೋ ಎಂದುಕೊಂಡೆ. ಸಭಿಕರೇ, ಯಾರ ಮಗುವೋ ಎಂದುಕೊಂಡೆ! ಒಲೆಯ ಮೇಲಿನ ಹಾಲನ್ನು ಇಳಿಸಿಟ್ಟು ಆಮೇಲೆ ಹೊರಗೆ ಬಂದೆ.

ಬಿದ್ದರೆ, ಸುಟ್ಟುಕೊಂಡರೆ, ಹೆದರಿದರೆ ಬಾಯಿಗೆ ಮೊದಲು ಬರುವ ಮಾತು ಯಾವುದು? ನಮಗೆ ವಯಸ್ಸಾದರೂ ಅದೇ ಬರುತ್ತದೆ. ಅತ್ತೆಗೆ ಎಪ್ಪತ್ತಾಯಿತು, ಮಂಡಿ ನೋವಿಗೆ ಈಗಲೂ 'ಅವ್ವೇ' ಎಂದೇ ನರಳುತ್ತಾರೆ. ನನ್ನ ಮಗಳ ಬಾಯಿಗೆ ಆ ಮಾತು ಬರಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅವಳು ಅಳಲೂ ಇಲ್ಲ. ಎಲ್ಲ ಮುಗಿದ ಮೇಲೆ ನನ್ನ ಸೆರಗು ಹಿಡಿದು ಕೇಳಿದಳು, "ಈಗ ಲೀವಾ, ಟೀಚರ್?"

ಜಾರಿ ಬಿದ್ದಳು ಎಂದು ಯಜಮಾನರಿಗೆ ಹೇಳಿದ್ದೆ. ಏನೆಂದು ಕೂಗಿದಳು ಎಂಬುದನ್ನು ಹೇಳಿರಲಿಲ್ಲ. ಅವರು ಈಗ ನಿಮ್ಮೊಂದಿಗೆ ಕುಳಿತು ಮೊದಲ ಸಲ ಕೇಳುತ್ತಿದ್ದಾರೆ. ಅವರು ಕೆಟ್ಟವರಲ್ಲ. ಶನಿವಾರ ಬಂದವರು ಬೂಟು ಬಿಚ್ಚುವ ಮೊದಲೇ ಮಗಳನ್ನು ಎತ್ತಿಕೊಳ್ಳುತ್ತಾರೆ. ಅವರನ್ನು ಅವಳು ಅಪ್ಪ ಎನ್ನುತ್ತಾಳೆ. ಅವರಿಗೆ ನಿಯಮವಿಲ್ಲವಲ್ಲ. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಇನ್ನು ಹೊಸ ವರ್ಷದ ನಿರ್ಧಾರ. ಹಟ್ಟಿಯ ಇನ್ನೂ ಮೂರು ಮಕ್ಕಳನ್ನು ಸೇರಿಸಿಕೊಂಡು ಮನೆಶಾಲೆಯನ್ನು ದೊಡ್ಡದು ಮಾಡುತ್ತೇವೆ ಎಂದು ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗ ಯಜಮಾನರು ನೆನಪಿಸಿದರು. ನಾನು ಹೂಂ ಅಂದೆ. ಆದರೆ ಅದೇ ಬಸ್ಸಿನಲ್ಲಿ ರಮ್ಯಾ ಕಿಟಕಿಯ ಪಕ್ಕ ಕುಳಿತು, ಲಿಂಬೆಹಣ್ಣು ಮೂಸಿಕೊಂಡು, ಘಾಟಿ ಪೂರ್ತಿ ಹತ್ತಿದಳು. ಒಂದು ಸಲವೂ ವಾಂತಿ ಮಾಡಲಿಲ್ಲ. ಈಗ ಅವಳಿಗೆ ಒಂಬತ್ತು ವರ್ಷ.

ವಿಶ್ವನಾಥ್ ಅವರೇ, ಸಭೆಯಲ್ಲಾದರೂ ಹೆಸರು ಹಿಡಿದು ಕರೆಯಬಹುದೆಂದು ಕರೆಯುತ್ತಿದ್ದೇನೆ. ನನಗೆ ಸಾಕಾಗಿದೆ. ಕಲಿಸಿ ಸಾಕಾದದ್ದಲ್ಲ. ನಲವತ್ತು ಮಕ್ಕಳಿಗೆ ಕಲಿಸಿದಾಗಲೂ ಇಷ್ಟು ದಣಿದಿರಲಿಲ್ಲ. ಆಗ ಸಂಜೆ ಸೀಮೆಸುಣ್ಣದ ಕೈ ತೊಳೆದು ಮನೆಗೆ ಬರುತ್ತಿದ್ದೆ. ಈಗ ಎಲ್ಲಿಗೆ ಬರಲಿ? ಬರುವ ಜೂನ್‌ನಿಂದ ರಮ್ಯಾ ಶಾಲೆಗೆ ಹೋಗುತ್ತಾಳೆ. ಇದು ನನ್ನ ನಿರ್ಧಾರ. ಜಗಳವಾಡುವುದಿದ್ದರೆ ಮನೆಗೆ ಹೋಗಿ ಆಡೋಣ, ಸಭಿಕರು ಬೇರೆ ಊಟಕ್ಕೆ ಕಾಯುತ್ತಿದ್ದಾರೆ.

ಅಧ್ಯಕ್ಷರೇ, 'ಮಾದರಿ ಮನೆಶಾಲೆ' ಎಂದು ಬರೆಸಿದ ಫಲಕವನ್ನು ಮೇಜಿನ ಮೇಲೆ ಕಂಡೆ. ದಯವಿಟ್ಟು ಅದನ್ನು ಯೋಗ್ಯರಿಗೆ ಕೊಡಿ. ಶಾಲು ಮಾತ್ರ ಬೇಡ ಎನ್ನಲಾರೆ, ಚಳಿ ಬಹಳ ಇದೆ.

ಮುಂದಿನ ಜುಲೈನಲ್ಲಿ ಮಳೆ ಹಿಡಿಯುತ್ತದೆ. ಕಲೆಕ್ಟರ್ ರಜೆ ಕೊಡುತ್ತಾರೆ. ಆ ದಿನ ನನ್ನ ಮಗಳು ಮನೆಯಲ್ಲಿರುತ್ತಾಳೆ, ನಾನೂ ಇರುತ್ತೇನೆ. ಆ ದಿನ ನಾನು ಅವಳಿಗೆ ಏನನ್ನೂ ಕಲಿಸುವುದಿಲ್ಲ.

ಹೊಗಳಲು ಕರೆದು, ದೂರು ಕೇಳಿಸಿಕೊಂಡ ನಿಮ್ಮೆಲ್ಲರ ತಾಳ್ಮೆಗೆ ನಾನು ಋಣಿ. ನಮಸ್ಕಾರ.