ಹನ್ನೊಂದು ವರ್ಷ ಏರದ ಬಿಸಿ

ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡ, ಹವಾಮಾನ ಕಚೇರಿಯಿಂದ ನಿವೃತ್ತರಾದ ಹಿರಿಯರು, ಜೊತೆಗೆ ಅವರ ತಂಗಿಯ ಗಂಡ. ನಾನು ಉಪ್ಪುಖಾರ ಸೇರಿಸದೆ ಹೇಳುವುದು ಅಪರೂಪ, ಇದಕ್ಕೆ ಬೇಕಾಗಲಿಲ್ಲ.

"ಮನುಷ್ಯರಿಂದ ಭೂಮಿ ಬಿಸಿಯಾಗ್ತಿದೆ ಅನ್ನೋದು ಬರೀ ಬುರುಡೆ, ಭಾವ. ನಿಮ್ಮ ದಾಖಲೆ ಪುಸ್ತಕಾನೇ ಸಾಕ್ಷಿ. ಹನ್ನೊಂದು ವರ್ಷ ಊರಿನ ಬಿಸಿ ಒಂದು ಚೂರೂ ಏರಿಲ್ಲ."

"ಅದನ್ನ ಎಲ್ಲೂ ಹೇಳ್ಬೇಡ ಮಾರಾಯ."

"ನಿನ್ನೇನೇ ಹೇಳಿದ್ನಲ್ಲ, ನಿಮ್ಮ ಮಗಳ ಶಾಲೇಲಿ! ಹೊಗೆ, ಕಾರ್ಖಾನೆ ಅಂತ ಪಾಠ ಮಾಡ್ತಿದ್ಲು. 'ಹಾಗಾದ್ರೆ ನಿಮ್ಮಪ್ಪ ಬರೆದಿದ್ದು ಸುಳ್ಳಾ?' ಅಂದೆ. ಮಕ್ಕಳೆಲ್ಲ ನಕ್ರು. ಪಾಪ, ಅವಳು ಪಾಠಾನೇ ನಿಲ್ಲಿಸ್ಬಿಟ್ಲು."

ಹಿರಿಯರು ನೆಲ ನೋಡಿದರು.

"ಥರ್ಮಾಮೀಟರ್ ಟೆರೇಸ್ ಮೇಲಿತ್ತು."

"ಇರ್ಲಿ, ಅದಕ್ಕೇನೀಗ?"

"ನನಗೆ ಮಂಡಿನೋವು. ಹಿಂದಿನ ವರ್ಷದ ಪುಸ್ತಕ ನೋಡಿ ಬರೀತಿದ್ದೆ."

"ಹನ್ನೊಂದು ವರ್ಷಾನೂ?"

"ಫೆಬ್ರವರಿ ಇಪ್ಪತ್ತೊಂಬತ್ತು ಬಂದಾಗ ಮಾತ್ರ ಹತ್ತಿದ್ದೆ. ಹಿಂದಿನ ವರ್ಷ ಆ ದಿನ ಇರ್ಲಿಲ್ವಲ್ಲ."

ಅಷ್ಟರಲ್ಲಿ ನರ್ಸ್ ಬಂದು ಹಿರಿಯರ ಹೆಸರು ಕೂಗಿದರು. ಹಿರಿಯರು ಎದ್ದು ಹೊರಬಾಗಿಲಿನತ್ತ ನಡೆದರು.

"ಡಾಕ್ಟರು ಆ ಕಡೆ, ಭಾವ!"

"ಶಾಲೆ ಬಿಡೋದ್ರೊಳಗೆ ಆ ಮಕ್ಕಳಿಗೆ ಹೇಳ್ಬೇಕು."

"ಅವಳ ಕ್ಲಾಸು ಮೂರನೇ ಮಹಡೀಲಿ! ಲಿಫ್ಟಿಲ್ಲ!"

"ಹತ್ತೀನಿ."