ಕುಣಿದು ಸೋತವನು

ಕಣ್ಣಿನ ಆಸ್ಪತ್ರೆಯಲ್ಲಿ ಔಷಧಿಯ ಹನಿ ಹಾಕಿಸಿಕೊಂಡು ಮೂವರು ಕಣ್ಣು ಮುಚ್ಚಿ ಕೂತಿದ್ದರು. ಮೂಲೆಯಲ್ಲಿದ್ದವನು ಮೊನ್ನೆಯ ಚುನಾವಣೆಯಲ್ಲಿ ಸಂಪ್ರದಾಯಸ್ಥರ ಪಕ್ಷದಿಂದ ನಿಂತು ಮಣ್ಣು ಮುಕ್ಕಿದ ಅಭ್ಯರ್ಥಿ. ಮತ್ತೆ ನಿಲ್ಲುವುದೋ, ರಾಜಕೀಯಕ್ಕೇ ಕೈಮುಗಿಯುವುದೋ ಎಂದು ಅವನ ಮನಸ್ಸು ತೂಗಾಡುತ್ತಿತ್ತು. ಪಕ್ಕದಲ್ಲಿ ಬಟ್ಟೆ ಅಂಗಡಿಯವರು ಮತ್ತು ಅವರ ಭಾವ, ನಿವೃತ್ತ ಮೇಷ್ಟ್ರು. ಮೂಲೆಯವನು ಯಾರೆಂದು ಕಣ್ಣು ಮುಚ್ಚಿದ್ದ ಅವರಿಗೆ ಕಾಣುವಂತಿರಲಿಲ್ಲ.

“ನಮ್ಮ ಪಕ್ಷದ ಮಾನ ಮೂರಾಬಟ್ಟೆಯಾಯ್ತು, ಭಾವ.”

“ಆಗದೆ ಇನ್ನೇನು? ನಡತೆ, ಗೌರವ ಅಂತಿದ್ದ ಮನುಷ್ಯ ಹರಿದ ಪ್ಯಾಂಟು ಹಾಕ್ಕೊಂಡು ವೇದಿಕೆ ಮೇಲೆ ಕುಣಿದುಬಿಟ್ಟ!”

“ಹುಡುಗರ ಓಟು ಬರುತ್ತೆ ಅಂತ.”

“ಹುಡುಗರು ಬಂದ್ರು, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು, ಆ ಕಡೆಯವರಿಗೆ ಹಾಕಿದ್ರು.”

ಮೂಲೆಯವನು ಕುರ್ಚಿಯಲ್ಲೇ ಕುಗ್ಗಿದ.

“ನಾನಂತೂ ಓಟಿನ ದಿನ ಮನೇಲೇ ಕೂತೆ,” ಮೇಷ್ಟ್ರು ಮುಂದುವರಿಸಿದರು. “ಅವನಿಗೆ ಸ್ವಲ್ಪ ಬಿಸಿ ಮುಟ್ಟಲಿ ಅಂತ.”

“ಅಯ್ಯೋ, ನಾನೂ ಹೋಗ್ಲಿಲ್ಲ! ನೀವು ಹಾಕ್ತೀರಲ್ಲ, ಗೆಲ್ತಾನೆ ಅಂದ್ಕೊಂಡೆ.”

“ನಾನು ನಿಮ್ಮನ್ನ ನಂಬಿದ್ದೆನಲ್ರೀ! ಬುದ್ಧಿ ಕಲಿಸೋಣ ಅಂತ ಹೋಗಿ ಸೋಲಿಸೇಬಿಟ್ವಾ?”

“ಇಡೀ ಬೀದಿ ಹೀಗೇ ಮಾಡಿರಬೇಕು. ಅವನು ಮತ್ತೆ ನಿಂತ್ರೆ?”

“ನೆಟ್ಟಗೆ ಬಟ್ಟೆ ಹಾಕ್ಕೊಂಡು, ನಿಂತಲ್ಲೇ ನಿಂತು ಮಾತಾಡ್ಲಿ. ಬಾಗಿಲು ತೆಗೆಯೋಕೆ ಮುಂಚೆ ಮತಗಟ್ಟೆ ಹತ್ರ ಇರ್ತೀನಿ.”

ಅಷ್ಟರಲ್ಲಿ ನರ್ಸಮ್ಮ ಇಬ್ಬರನ್ನೂ ಕರೆದರು. ತಡಕಾಡಿಕೊಂಡು ಎದ್ದ ಅಂಗಡಿಯವರ ಕೈ ಮೂಲೆಯವನ ಭುಜಕ್ಕೆ ತಾಗಿತು.

“ನೀವಾದ್ರೂ ಅವನಿಗೆ ಓಟು ಹಾಕಿದ್ರಾ, ಸ್ವಾಮಿ?”

“ಹಾಕಿದ್ದೆ,” ಎಂದ ಅವನು ದನಿ ಬದಲಿಸಿ. “ಮುಂದಿನ ಸಲವೂ ಹಾಕ್ತೀನಿ.”

“ಪುಣ್ಯಾತ್ಮ! ಭಾವ, ಅವನಿಗೆ ಬಿದ್ದ ಒಂದೇ ಒಂದು ಓಟು ಇವರದೇ ಇರಬೇಕು!” ಎನ್ನುತ್ತಾ ಅಂಗಡಿಯವರು ಗೋಡೆ ಹಿಡಿದು ಭಾವನ ಹಿಂದೆ ಒಳಗೆ ನಡೆದರು.