ಪಂಪಿಗಿಂತ ಮೊದಲು ಎಣ್ಣೆ

ಸಾಗರದ ಬಸ್ ನಿಲ್ದಾಣದಲ್ಲಿ ವರದಹಳ್ಳಿಯ ಬಸ್ಸಿಗೆ ಕಾಯುತ್ತಿದ್ದ ಗಣಪಯ್ಯನವರ ಪಕ್ಕದಲ್ಲಿ ಅಣೆಕಟ್ಟಿನ ಕೆಲಸದವರಿಬ್ಬರು ಬಂದು ಕುಳಿತರು: ಬುಲ್ಡೋಜರ್ ಓಡಿಸುವ ಬೆಳ್ಳಪ್ಪ, ಮೆಕ್ಯಾನಿಕ್ ಅಂತೋನಿ. ಹೆಂಡತಿ ತೀರಿಕೊಂಡ ಮೇಲೆ ಗಣಪಯ್ಯನವರ ಕಿವಿಗೆ ಯಾರ ಮಾತೂ ಬೀಳುತ್ತಿರಲಿಲ್ಲ, ಇವರದು ಬಿತ್ತು.

"ಬೆಳಿಗ್ಗೆ ಬ್ಲೇಡು ಚೆನ್ನಾಗೇ ಏಳ್ತದೆ ಅಂತೋನಣ್ಣ. ಗಾಡಿ ಬಿಸಿಯಾದ್ಮೇಲೆ ಏಳೋದೇ ಇಲ್ಲ."

"ಎಣ್ಣೆ ಕಾದು ತೆಳ್ಳಗಾಗಿ ಸವೆದ ಪಂಪಲ್ಲಿ ಸೋರ್ತದೆ. ಪಂಪು ಬದಲಾಯಿಸಿದ್ರೆ ನಾಳೆ ಸಂಜೆಗೇ ರೆಡಿ. ಮುಖ ಯಾಕೆ ಹಂಗ್ಮಾಡ್ತೀ ಮಾರಾಯ?"

"ಮುಳುಗಡೆ ಅಂತ ಮನೆಗಳ್ನ ಕೆಡವ್ತಿದೀವಲ್ಲ, ಮುಂದಿನ ಮನೆ ನಮ್ಮಕ್ಕಂದು. ಅವಳ ಅತ್ತೆ ಸತ್ತು ವಾರ ಆಗಿಲ್ಲ. ತಿಥಿ ಈ ಮನೇಲೇ ಮಾಡಿ ಅಂತ ಮುದುಕಿ ಕಡೇ ಮಾತು."

"ಸಾಹೇಬ್ರಿಗೆ ಹೇಳ್ಲಿಲ್ವಾ?"

"ಹೇಳ್ದೆ. ನೀರು ನಿಮ್ ತಿಥಿಗೆ ಕಾಯ್ತದಾ ಅಂದ್ರು."

ಅಂತೋನಿ ಬೀಡಿ ಹಚ್ಚಿದ.

"ಪಂಪು ಅಂತ ನಾನಂದಿದ್ದು ಬರೀ ಅಂದಾಜು. ಕ್ರಮವಾಗಿ ನೋಡ್ಬೇಕಲ್ಲ? ನಾಳೆ ಎಣ್ಣೆ ಬದಲಾಯಿಸ್ತೀನಿ. ನಾಡಿದ್ದು ಫಿಲ್ಟರ್ ಬಿಚ್ತೀನಿ. ಆಮೇಲೆ ವಾಲ್ವು, ಒಂದೊಂದಾಗಿ."

"ಸಾಹೇಬ್ರು ಬೈದ್ರೆ?"

"ಅವಸರದಲ್ಲಿ ಬಿಚ್ಚಿ ಹಾಳಾದ್ರೆ ನೀವೇ ಹೊಣೆ ಅಂತೀನಿ. ತಿಥಿ ಯಾವತ್ತು?"

"ಸೋಮವಾರ."

"ಹಂಗಾದ್ರೆ ಪಂಪು ಕೆಟ್ಟಿದ್ದು ನಂಗೆ ಮಂಗಳವಾರ ಗೊತ್ತಾಗ್ತದೆ."

ತಾಳಗುಪ್ಪದ ಬಸ್ಸು ಬಂತು. ಇಬ್ಬರೂ ಓಡಿ ಹತ್ತಿದರು. ಕಂಡಿರದ ಆ ಮುದುಕಿಗಾಗಿ ಗಣಪಯ್ಯನವರು ಕೂತಲ್ಲೇ ಕೈಮುಗಿದರು.